ಮೋಡೆಮ್ ಕನೆಕ್ಟ್ ಆಗ್ತಿಲ್ವಾ? ಎಲ್ಲಿ ನಿಲ್ತಿದೆ ಅಂತ ಮೊದಲು ಕಿವಿಗೊಟ್ಟು ಕೇಳಿ

ಡಯಲ್-ಅಪ್ ಇಂಟರ್ನೆಟ್ ಕಾಲ ಮುಗೀತು, ಅಮೆರಿಕದಲ್ಲಿ ಎಒಎಲ್ ಕೂಡ 2025ರ ಸೆಪ್ಟೆಂಬರ್ 30ಕ್ಕೆ ತನ್ನ ಡಯಲ್-ಅಪ್ ಸರ್ವಿಸ್ ನಿಲ್ಲಿಸ್ತು. ಆದ್ರೆ ಕಂಪ್ಯೂಟರ್ ಡೇಟಾನ ಸದ್ದು ಮಾಡಿ ಫೋನ್ ಲೈನ್‌ನಲ್ಲಿ ಕಳಿಸೋ ಮೋಡೆಮ್‌ಗಳು ಇನ್ನೂ ಇವೆ. ನಮ್ಮ ಮೈಸೂರು, ಮಂಡ್ಯ ಕಡೆ ಹಳೆ ಪೆಂಟಿಯಂ ಮೆಷಿನ್‌ಗಳನ್ನ ಜೋಪಾನ ಮಾಡ್ಕೊಂಡು ಬಂದಿರೋ ನಮ್ಮಂಥೋರು ಕೆಲವರು ಲ್ಯಾಂಡ್‌ಲೈನ್ ಇನ್ನೂ ಕಟ್ ಮಾಡಿಸಿಲ್ಲ, ಒಬ್ಬರ ಮೋಡೆಮ್‌ನಿಂದ ಇನ್ನೊಬ್ಬರ ಮೋಡೆಮ್‌ಗೆ ಫೋನ್ ಹಾಕಿ ಫೈಲ್ ಕಳಿಸ್ತೀವಿ, ಎರಡು ಕಂಪ್ಯೂಟರ್ ಮಧ್ಯೆ ಪಿಪಿಪಿ ಅನ್ನೋ ನೆಟ್‌ವರ್ಕ್ ಲಿಂಕ್ ಎಬ್ಬಿಸ್ತೀವಿ. ಇದರಲ್ಲಿ ಕೈ ಹಾಕಿದ ಹೊಸಬರು ಎಲ್ಲರೂ ಕೇಳೋದು ಒಂದೇ, "ಡಯಲ್ ಆಗುತ್ತೆ, ಕಿರುಚುತ್ತೆ, ಆಮೇಲೆ ಕಟ್ ಆಗುತ್ತೆ, ಯಾವ ಡ್ರೈವರ್ ಹಾಕ್ಲಿ?" ಅಂತ. ಡ್ರೈವರ್ ವಿಷ್ಯ ಆಮೇಲೆ ನೋಡಣ. ಇಂಥ ಕಂಪ್ಲೇಂಟಲ್ಲಿ ಜಾಸ್ತಿ ಪಾಲು ತೊಂದರೆ ಇರೋದು ಕಂಪ್ಯೂಟರ್ ಒಳಗಲ್ಲ, ಗೋಡೆಯಿಂದ ಕಂಬದವರೆಗಿನ ಎರಡು ತಾಮ್ರದ ತಂತಿಲಿ.

ಒಂದು ಕಾಲ್ ಹೋಗೋದು ಹೀಗೆ. ಮೊದಲು ಮೋಡೆಮ್ ಲೈನ್ ಎತ್ತುತ್ತೆ, ಡಯಲ್ ಟೋನ್ ಇದ್ಯಾ ಅಂತ ಕೇಳುತ್ತೆ, ನಂಬರ್ ಒತ್ತುತ್ತೆ, ಆ ಕಡೆ ರಿಂಗ್ ಆಗಿ ಅಲ್ಲಿನ ಮೋಡೆಮ್ ಎತ್ತುತ್ತೆ, ಇಬ್ಬರೂ ಸ್ಪೀಡ್ ಮಾತಾಡ್ಕೋತಾರೆ, ಆಮೇಲೆ ಲಾಗಿನ್. ನಿಮ್ಮ ಕಾಲ್ ಇದರಲ್ಲಿ ಯಾವ ಹಂತಕ್ಕೆ ನಿಲ್ತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು. ಅದಕ್ಕೆ ಸ್ಪೀಕರ್ ಆನ್ ಇರ್ಬೇಕು. ರಾತ್ರಿ ಮನೇಲಿ ಎಲ್ಲರೂ ಮಲಗಿದಾರೆ ಅಂತ ಟರ್ಮಿನಲ್‌ನಲ್ಲಿ (ಮೋಡೆಮ್‌ಗೆ ನೇರ ಕಮಾಂಡ್ ಟೈಪ್ ಮಾಡೋ ಪ್ರೋಗ್ರಾಂ) ಎಟಿ ಎಂ0 ಅನ್ನೋ ಕಮಾಂಡ್ ಕೊಟ್ಟು ಸ್ಪೀಕರ್ ಬಂದ್ ಮಾಡಿರ್ತೀರ, ತೊಂದರೆ ಹುಡುಕೋವಾಗ ಎಟಿ ಎಂ1 ಕೊಟ್ಟು ವಾಪಸ್ ಆನ್ ಮಾಡಿ. ಎಂ1ರಲ್ಲಿ ಕನೆಕ್ಟ್ ಆಗೋವರೆಗೆ ಮಾತ್ರ ಸದ್ದು ಇರುತ್ತೆ, ಆಮೇಲೆ ತಾನೇ ಸುಮ್ಮನಾಗುತ್ತೆ.

ಟೋನೇ ಇಲ್ಲ ಅನ್ನೋದರಿಂದ ಶುರು ಮಾಡೋಣ. ವಿಂಡೋಸ್ ಎಕ್ಸ್‌ಪಿಲಿ ಎರರ್ 680 ಅಂತ ಬರುತ್ತೆ, ಟರ್ಮಿನಲ್‌ನಲ್ಲಾದ್ರೆ ನೋ ಡಯಲ್‌ಟೋನ್. ಮೊದಲು ಮೋಡೆಮ್‌ಗೆ ಹೋಗಿರೋ ಅದೇ ವೈರ್ ಕಿತ್ತು ಒಂದು ಸಾದಾ ಫೋನ್‌ಗೆ ಹಾಕಿ ಕೇಳಿ. ಫೋನಲ್ಲೂ ಟೋನ್ ಇಲ್ಲ ಅಂದ್ರೆ ಮೋಡೆಮ್ ಬಿಟ್ಹಾಕಿ, ಲೈನ್ ನೋಡಿ. ಫೋನಲ್ಲಿ ಟೋನ್ ಇದೆ, ಮೋಡೆಮ್‌ಗೆ ಮಾತ್ರ ಕೇಳಿಸ್ತಿಲ್ಲ ಅಂದ್ರೆ, ವೈರ್ ಹಾಕಿರೋ ತೂತು ನೋಡಿ, ಮೋಡೆಮ್ ಹಿಂದೆ ಲೈನ್ ಅಂತ ಒಂದು, ಫೋನ್ ಅಂತ ಒಂದು ಇರುತ್ತೆ, ಬಹಳ ಜನ ಅದಲುಬದಲು ಮಾಡಿರ್ತಾರೆ. ಅದೂ ಸರಿ ಇದೆ ಅಂದ್ರೆ ಇನ್ನೊಂದು ಕಾರಣ ಇದೆ, ಇದು ನಮ್ಮ ದೇಶದ್ದೇ. ನಮ್ಮ ಡಯಲ್ ಟೋನ್ 400 ಹರ್ಟ್ಜ್‌ದು, ಅದರ ಮೇಲೆ 25 ಹರ್ಟ್ಜ್‌ನ ಏರಿಳಿತ ಇರುತ್ತೆ, ಅದಕ್ಕೇ ಆ ಗೊರ್ರ್ ಅನ್ನೋ ಸದ್ದು. ಅಮೆರಿಕದ್ದು 350 ಮತ್ತು 440 ಹರ್ಟ್ಜ್ ಸೇರಿದ್ದು, ನಯವಾಗಿ ಗುಂಯ್ ಅನ್ನುತ್ತೆ. ಸಂತೇಪೇಟೆಲಿ ಹಳೆ ಸಾಮಾನಿನ ರಾಶಿಯಿಂದ ಎತ್ಕೊಂಡು ಬಂದ ಮೋಡೆಮ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ರೆ ನಮ್ಮ ಟೋನ್‌ನ ಟೋನ್ ಅಂತಾನೇ ಒಪ್ಪಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೋನ್ ಅಂಡ್ ಮೋಡೆಮ್ ಆಪ್ಷನ್ಸ್‌ಗೆ ಹೋಗಿ ಡಯಲಿಂಗ್ ರೂಲ್ಸ್‌ನಲ್ಲಿ ದೇಶ ಇಂಡಿಯಾ ಮಾಡಿ. ಆಗ್ಲೂ ಹಠ ಮಾಡಿದ್ರೆ ಎಟಿ ಎಕ್ಸ್3 ಅನ್ನೋ ಕಮಾಂಡ್ ಕೊಡಿ, ಟೋನ್‌ಗೆ ಕಾಯದೆ ಡಯಲ್ ಮಾಡುತ್ತೆ, ಬ್ಯುಸಿ ಸದ್ದು ಮಾತ್ರ ಗುರುತು ಹಿಡಿಯುತ್ತೆ. ವಿಂಡೋಸ್‌ನಲ್ಲಿ ಮೋಡೆಮ್ ಪ್ರಾಪರ್ಟೀಸ್ ಒಳಗೆ ಡಯಲ್ ಟೋನ್‌ಗೆ ಕಾಯಬೇಕು ಅನ್ನೋ ಟಿಕ್ ತೆಗೆದ್ರೂ ಇದೇ ಕೆಲಸ ಆಗುತ್ತೆ.

ಈಗ ಲೈನ್ ವಿಷ್ಯ. ಇದರಲ್ಲಿ ಸ್ವಲ್ಪ ಹೊತ್ತು ಕೂರಬೇಕು, ಯಾಕಂದ್ರೆ ಮುಂದಿನ ಎಲ್ಲಾ ತೊಂದರೆಯ ಬೇರು ಇಲ್ಲೇ. ಫೋನ್ ಎತ್ತಿ, ಡಯಲ್ ಟೋನ್ ಬರುತ್ತಲ್ಲ, 2 ಅಂತ ಒಂದೇ ಒಂದು ಅಂಕಿ ಒತ್ತಿ ಸುಮ್ಮನಿರಿ. ಟೋನ್ ನಿಲ್ಲುತ್ತೆ, ಎಕ್ಸ್‌ಚೇಂಜ್ ಮುಂದಿನ ಅಂಕಿಗೆ ಕಾಯ್ತಾ ಇರುತ್ತೆ, ಆ ಕೆಲವು ಸೆಕೆಂಡು ಲೈನ್ ಬರೀ ಖಾಲಿ. ಆಗ ಏನ್ ಕೇಳಿಸುತ್ತೋ ಅದೇ ನಿಮ್ಮ ಲೈನ್‌ನ ನಿಜ ಸ್ಥಿತಿ. ಏನೂ ಇಲ್ಲ, ತೆಳ್ಳಗೆ ಸುಯ್ ಅಂತಿದೆ ಅಂದ್ರೆ ಒಳ್ಳೆ ಲೈನ್. ಗುಂಯ್ ಅಂತ ಕರೆಂಟ್ ಸದ್ದು ಬಂದ್ರೆ ಎರಡು ತಂತಿಲಿ ಒಂದು ಎಲ್ಲೋ ನೆಲಕ್ಕೆ ಲೀಕ್ ಆಗ್ತಿದೆ, ಒದ್ದೆ ಆಗಿದೆ ಅಂತ ಅರ್ಥ. ಚಟಪಟ ಅಂದ್ರೆ ಎಲ್ಲೋ ಜಾಯಿಂಟ್ ಸಡಿಲ. ಬೇರೆಯವರ ಮಾತು ಸಣ್ಣಗೆ ಕೇಳಿಸಿದ್ರೆ ಕೇಬಲ್‌ನಲ್ಲಿ ಪಕ್ಕದ ಜೋಡಿ ಜತೆ ತಗುಲಿಕೊಂಡಿದೆ. ಮಾತಾಡೋಕೆ ಈ ಸದ್ದುಗಳು ಅಡ್ಡಿ ಆಗಲ್ಲ, ನಮ್ಮ ಕಿವಿ ಅಡ್ಜಸ್ಟ್ ಮಾಡ್ಕೊಳುತ್ತೆ, ಮೋಡೆಮ್‌ಗೆ ಸಿಕ್ಕಿರೋದು 300ರಿಂದ 3400 ಹರ್ಟ್ಜ್‌ನ ಆ ಸಣ್ಣ ದಾರಿ ಮಾತ್ರ, ಅದರಲ್ಲಿ ಚಟ್ ಅಂತ ಒಂದು ಸದ್ದು ಬಂದ್ರೂ ಒಂದು ಗುಂಪು ಡೇಟಾ ಹಾಳು.

ಮೈಸೂರಲ್ಲಿ ಅಗ್ರಹಾರ, ಲಕ್ಷ್ಮೀಪುರಂ ಕಡೆ ಹಳೆ ಮನೆಗಳ ರೋಸೆಟ್ ಬಾಕ್ಸ್, ಅಂದ್ರೆ ಫೋನ್ ವೈರ್ ಸೇರೋ ಗೋಡೆ ಮೇಲಿನ ಡಬ್ಬಿ, ಬಿಚ್ಚಿ ನೋಡಿ ಒಂದ್ಸಲ. ಮೇಲಿನ ಮುಚ್ಚಳಕ್ಕೆ ವರ್ಷವರ್ಷ ಸುಣ್ಣ, ಡಿಸ್ಟೆಂಪರ್ ಬಳಿದು ಬಳಿದು ಗೋಡೆಗೇ ಅಂಟ್ಕೊಂಡಿರುತ್ತೆ, ಸ್ಕ್ರೂಡ್ರೈವರ್ ತುದಿಲಿ ಸುತ್ತ ಕೆರೆದು ಬಿಡಿಸ್ಬೇಕು. ಒಳಗೆ ಹಿತ್ತಾಳೆ ಸ್ಕ್ರೂ ತಲೆ ಮೇಲೆ ಹಸಿರು ಕಿಲುಬು, ಅದರ ಕೆಳಗೆ ಸುತ್ತಿರೋ ತಂತಿ ಕಪ್ಪಾಗಿದೆ, ಮೂಲೇಲಿ ಇರುವೆ ತಂದು ಗುಡ್ಡೆ ಹಾಕಿರೋ ಮಣ್ಣು. ಆ ಮಣ್ಣು ಮಳೆಗಾಲದಲ್ಲಿ ತೇವ ಎಳ್ಕೊಂಡು ಎರಡು ಸ್ಕ್ರೂ ಮಧ್ಯೆ ಸೇತುವೆ ಕಟ್ಟುತ್ತೆ, ಅದಕ್ಕೇ "ಬೇಸಿಗೆಲಿ ಚೆನ್ನಾಗಿತ್ತು, ಮಳೆ ಬಂದ್ಮೇಲೆ ಕನೆಕ್ಟ್ ಆಗ್ತಿಲ್ಲ" ಅನ್ನೋ ಕಂಪ್ಲೇಂಟು. ಬ್ರಶ್‌ನಲ್ಲಿ ಮಣ್ಣು ಉದುರಿಸಿ, ಕಪ್ಪಾದ ತುದಿ ಕತ್ತರಿಸಿ, ಹೊಸದಾಗಿ ಸುಲಿದು ತಾಮ್ರ ಹೊಳೆಯೋ ಹಾಗೆ ಮಾಡಿ, ಗಟ್ಟಿಯಾಗಿ ಸ್ಕ್ರೂ ಬಿಗಿದ್ರೆ ಎಷ್ಟೋ ಮನೇಲಿ ಅಲ್ಲಿಗೇ ಮುಗಿಯುತ್ತೆ. ರಿಂಗ್ ಬರೋವಾಗ ಲೈನ್‌ನಲ್ಲಿ ಸುಮಾರು 75 ವೋಲ್ಟ್ ಎಸಿ ಓಡುತ್ತೆ, ಕೈಗೆ ಹೊಡೆಯುತ್ತೆ, ಸ್ಕ್ರೂ ಮುಟ್ಟೋವಾಗ ಹುಷಾರು, ಗುಡುಗು-ಮಿಂಚು ಇದ್ರಂತೂ ಮುಟ್ಟಲೇಬೇಡಿ.

ಮಲ್ಟಿಮೀಟರ್ ಇದ್ರೆ ಇನ್ನೂ ಸುಲಭ. ಫೋನ್ ಇಟ್ಟಿರೋವಾಗ ಲೈನ್ ಮೇಲೆ 48 ವೋಲ್ಟ್ ಡಿಸಿ ಆಸುಪಾಸು ಇರ್ಬೇಕು, ಎತ್ತಿದಾಗ ಬಿದ್ದು 6ರಿಂದ 12ರೊಳಗೆ ಬರುತ್ತೆ. ಇಟ್ಟಾಗಲೇ 30, 35 ತೋರಿಸ್ತಿದೆ ಅಂದ್ರೆ ಯಾವುದೋ ಎಕ್ಸ್‌ಟೆನ್ಷನ್ ಫೋನ್ ಅಥವಾ ಲೀಕ್ ಕರೆಂಟ್ ತಿಂತಿದೆ. ಆಗ ಮನೆ ಒಳಗಿನ ವೈರಿಂಗ್ ಪೂರ್ತಿ ಬಿಚ್ಚಿ, ಕಂಬದಿಂದ ಬಂದ ತಂತಿ ಮನೆಗೆ ಸೇರೋ ಜಾಗದಲ್ಲೇ ಅಳೆಯಿರಿ, ಮೋಡೆಮ್‌ನೂ ಅಲ್ಲೇ ಹಾಕಿ ಒಂದ್ಸಲ ಕಾಲ್ ಮಾಡಿ ನೋಡಿ. ಅಲ್ಲಿ ಸರಿ ಇದ್ರೆ ತೊಂದರೆ ನಿಮ್ಮ ಮನೆದು. ಅಲ್ಲೂ ಹಾಗೇ ಇದ್ರೆ ಮಾವಿನಮರದ ಕೊಂಬೆ ಉಜ್ಜಿ ಸಿಪ್ಪೆ ಹೋಗಿರೋ ತಂತಿನೋ, ಮನೆಮನೆಗೆ ಲೈನ್ ಹಂಚೋ ಡಿಪಿ ಬಾಕ್ಸ್‌ನಲ್ಲಿ ಬರೀ ತಿರುಚಿ ಬಿಟ್ಟಿರೋ ಜಾಯಿಂಟೋ, ಒಟ್ಟಲ್ಲಿ ಲೈನ್‌ಮ್ಯಾನ್ ಬರ್ಬೇಕು. ಅವರಿಗೆ "ಮೋಡೆಮ್ ವರ್ಕ್ ಆಗ್ತಿಲ್ಲ ಸಾರ್" ಅಂತ ಹೇಳ್ಬೇಡಿ, "ಫೋನಲ್ಲಿ ಚಟಪಟ ಸದ್ದು ಬರ್ತಿದೆ" ಅಂತ ಹೇಳಿ, ಆ 2 ಒತ್ತಿ ಕೇಳೋ ಪರೀಕ್ಷೆನ ಅವರ ಕಿವಿಗೇ ಕೇಳಿಸಿ. ಅವರ ಜವಾಬ್ದಾರಿ ಮಾತು ಕೇಳಿಸೋವರೆಗೆ, ಮಾತಲ್ಲಿ ಗಲಾಟೆ ಇದೆ ಅಂದ್ರೆ ಅವರು ಮಾಡ್ಲೇಬೇಕು. ಜಾಯಿಂಟ್‌ಗೆ ಒಳಗೆ ಜೆಲ್ಲಿ ಇರೋ ಯುವೈ ಕನೆಕ್ಟರ್ ಹಾಕಿ ಅಂತ ವಿನಂತಿ ಮಾಡ್ಕೊಳಿ, ತಿರುಚಿ ಟೇಪ್ ಸುತ್ತಿದ್ದು ಮುಂದಿನ ಮಳೆವರೆಗೆ ಬಾಳಲ್ಲ.

ನಂಬರ್ ಒತ್ತೋ ಹಂತ ಬೇಗ ಹೇಳಿ ಮುಗಿಸ್ತೀನಿ. ಮೈಸೂರಿಂದ ಮಂಡ್ಯಕ್ಕೆ 08232 ಹಾಕಿ ಆರು ಅಂಕಿ, ಮಂಡ್ಯದಿಂದ ಮೈಸೂರಿಗೆ 0821 ಹಾಕಿ ಏಳು ಅಂಕಿ. ಲೈನ್‌ಗೆ ಎಸ್‌ಟಿಡಿ ಲಾಕ್ ಇದ್ರೆ ಒಬ್ಬ ಹೆಂಗಸಿನ ಧ್ವನಿ ಏನೋ ಹೇಳುತ್ತೆ, ಸ್ಪೀಕರ್ ಬಂದ್ ಮಾಡಿದೋರಿಗೆ ಅದು ಕೇಳಿಸದೆ ಎರರ್ 678 ಅಂತ ನೋಡ್ಕೊಂಡು ಡ್ರೈವರ್ ಬದಲಾಯಿಸ್ತಾ ಕೂತಿರ್ತಾರೆ. ಆಫೀಸಲ್ಲಿ ಇಂಟರ್‌ಕಾಮ್ ಬೋರ್ಡ್ ಹಿಂದೆ ಇದ್ರೆ ಹೊರಗಿನ ಲೈನ್‌ಗೆ 0 ಒತ್ತಿ ಕಾಯ್ಬೇಕಲ್ಲ, ನಂಬರ್ ಮುಂದೆ 0 ಮತ್ತೆ ಒಂದು ಅಲ್ಪವಿರಾಮ ಹಾಕಿ, ಒಂದು ಅಲ್ಪವಿರಾಮಕ್ಕೆ ಸಾಮಾನ್ಯವಾಗಿ ಎರಡು ಸೆಕೆಂಡ್ ನಿಲ್ಲುತ್ತೆ. ಡಯಲ್ ಮಾಡೋವಾಗ ಪೀಂ ಪೀಂ ಬದಲು ಟಕ್ ಟಕ್ ಟಕ್ ಅಂದ್ರೆ ಪಲ್ಸ್‌ನಲ್ಲಿದೆ, ಟೋನ್‌ಗೆ ಬದಲಾಯಿಸಿ.

ಆ ಕಡೆ ಎತ್ತುತ್ತಿಲ್ಲ ಅಂದ್ರೆ ಆ ಕಡೆಯೋರಿಗೇ ಫೋನ್ ಮಾಡಿ ಕೇಳಿ. ಮಂಡ್ಯದ ನನ್ನ ಸ್ನೇಹಿತ, ಗುತ್ತಲು ಕಡೆಯೋನು, ಹೊಸದಾಗಿ ಮೋಡೆಮ್ ಹಾಕಿದಾಗ ಹೇಳಿದ, "ಅಣ್ಣ, ರಿಂಗ್ ಆಯ್ತಾನೇ ಅದೆ ಕಣಣ್ಣ, ಇದು ಎತ್ತಾನೇ ಇಲ್ಲ." ಎಸ್0 ಅನ್ನೋ ರಿಜಿಸ್ಟರ್ (ಮೋಡೆಮ್ ಒಳಗಿನ ಒಂದು ಸೆಟ್ಟಿಂಗ್) 0 ಆಗಿದ್ರೆ ಮೋಡೆಮ್ ತಾನಾಗಿ ಎತ್ತಲ್ಲ, ಎಟಿ ಎಸ್0=1 ಕೊಟ್ರೆ ಮೊದಲ ರಿಂಗ್‌ಗೇ ಎತ್ತುತ್ತೆ, ಹೊರಗೆ ಇಡೋ ಮೋಡೆಮ್ ಆದ್ರೆ ಎಎ ಅನ್ನೋ ದೀಪ ಹತ್ಕೊಳುತ್ತೆ. ಎಕ್ಸ್‌ಪಿಲಿ ಇನ್‌ಕಮಿಂಗ್ ಕನೆಕ್ಷನ್ ಮಾಡಿದ್ರೆ, ಲಿನಕ್ಸ್‌ನಲ್ಲಿ ಎಂಗೆಟ್ಟಿ ಅನ್ನೋ ಪ್ರೋಗ್ರಾಂ ಓಡ್ತಿದ್ರೆ, ಎತ್ತೋ ಕೆಲಸ ಅವೇ ನೋಡ್ಕೊಳುತ್ವೆ, ಆಗ ಎಸ್0 ಮುಟ್ಟಬೇಡಿ.

ಎತ್ತಿದ ಮೇಲೆ ಬರೋ ಕಿರುಚಾಟ ಇದೆಯಲ್ಲ, ಅದನ್ನ ಗಮನ ಇಟ್ಟು ಕೇಳೋಕೆ ಕಲೀರಿ, ಬಹಳ ವಿಷ್ಯ ಹೇಳುತ್ತೆ. ಮೊದಲು ಆ ಕಡೆಯಿಂದ 2100 ಹರ್ಟ್ಜ್‌ನ ಒಂದು ಉದ್ದ ಪೀ ಬರುತ್ತೆ, ದಾರಿಲಿ ಪ್ರತಿಧ್ವನಿ ಅಳಿಸೋ ಎಕೋ ಕ್ಯಾನ್ಸಲರ್‌ಗಳಿಗೆ ಸುಮ್ಮನಿರಿ ಅಂತ ಹೇಳೋಕೆ. ಅದಾದ್ಮೇಲೆ ಚಿಲಿಪಿಲಿ, ಆಮೇಲೆ ಎರಡೂ ಕಡೆಯಿಂದ ಲೈನ್ ಅಳೆಯೋ ಟೋನ್‌ಗಳು, ಕೊನೆಗೆ ಭುಸ್ ಅನ್ನೋ ಸದ್ದು. ಪೀ ಬಂತು, ನಿಮ್ಮ ಮೋಡೆಮ್ ಉತ್ತರಾನೇ ಕೊಡ್ಲಿಲ್ಲ ಅಂದ್ರೆ ನಿಮಗೆ ಕೇಳಿಸೋ ಸದ್ದು ಮೋಡೆಮ್ ಒಳಗೆ ಸರಿಯಾಗಿ ಹೋಗ್ತಿಲ್ಲ. ಭುಸ್ ವರೆಗೆ ಬಂದು, ಮತ್ತೆ ಪೀ ಶುರು, ಮತ್ತೆ ಭುಸ್, ಹೀಗೆ ಸುತ್ತು ಹೊಡೆದು ಕೊನೆಗೆ ನೋ ಕ್ಯಾರಿಯರ್ (ಆ ಕಡೆ ಮೋಡೆಮ್‌ನ ಸಿಗ್ನಲ್ ಇಲ್ಲ) ಅಂದ್ರೆ ಲೈನ್ ಗಲಾಟೆ, ಒಂದು ಸ್ಪೀಡ್ ಒಪ್ಪಿಕೊಳ್ತಾರೆ, ನಿಲ್ಲಿಸೋಕಾಗಲ್ಲ, ಮತ್ತೆ ಮಾತುಕತೆಗೆ ಕೂರ್ತಾರೆ. ಇದಕ್ಕೆ ಟೈಮ್ ಸಾಕಾಗದೆ ಕಟ್ ಆಗ್ತಿದ್ರೆ ಎಟಿ ಎಸ್7=90 ಕೊಡಿ, ಕ್ಯಾರಿಯರ್‌ಗೆ 90 ಸೆಕೆಂಡ್ ಕಾಯುತ್ತೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ನೀವೇ ಸ್ಪೀಡ್ ಇಳಿಸಿ. ಕೊನೆಕ್ಸೆಂಟ್ ಚಿಪ್‌ನ ಮೋಡೆಮ್‌ಗಳಲ್ಲಿ ಎಟಿ+ಎಂಎಸ್=ವಿ32ಬಿ ಅಂದ್ರೆ ಸೆಕೆಂಡಿಗೆ 14400 ಬಿಟ್ ಒಳಗೇ ಇರುತ್ತೆ, ಗಲಾಟೆ ಲೈನ್‌ನಲ್ಲಿ ಅದು ಎಷ್ಟೋ ಗಟ್ಟಿ. ಬೇರೆ ಕಂಪನಿದಾದ್ರೆ ಅದರ ಮ್ಯಾನುಯಲ್ ನೋಡಿ ಹಾಕಿ, ಈ ಕಮಾಂಡ್ ಎಲ್ಲದರಲ್ಲೂ ಒಂದೇ ಇರಲ್ಲ.

ಸ್ಪೀಡ್ ಬಗ್ಗೆ ಒಂದು ಮಾತು, ಇದನ್ನ ತೊಂದರೆ ಅಂದ್ಕೊಂಡು ದಿನಗಟ್ಟಲೆ ಒದ್ದಾಡೋರು ಇದಾರೆ. ಡಬ್ಬಿ ಮೇಲೆ 56ಕೆ ಅಂತ ಬರೆದಿದೆ, ನಮ್ಮಿಬ್ಬರ ಮಧ್ಯೆ 33600 ದಾಟ್ತಾನೇ ಇಲ್ಲ ಅಂತ. ದಾಟಲ್ಲ. 1998ರ ವಿ.90 ಸ್ಟ್ಯಾಂಡರ್ಡ್‌ನಲ್ಲಿ 56ಕೆ ಸಿಗೋದು ಒಂದು ಕಡೆ ಡಿಜಿಟಲ್ ಲೈನ್‌ಗೇ ನೇರ ಕೂತಿದ್ರೆ ಮಾತ್ರ, ಹಿಂದೆ ಇಂಟರ್ನೆಟ್ ಕೊಡ್ತಿದ್ದೋರು ಹಾಗೆ ಇಟ್ಟಿರ್ತಿದ್ರು. ಎರಡು ಮನೆ ಲ್ಯಾಂಡ್‌ಲೈನ್ ಮಧ್ಯೆ ವಿ.34ರ 33600ಏ ಕೊನೆ. ಮೈಸೂರು-ಮಂಡ್ಯ ಮಧ್ಯೆ 28800, 31200 ಬಂದ್ರೆ ನಿಮ್ಮ ಲೈನ್ ಚೆನ್ನಾಗಿದೆ ಅಂತ ಖುಷಿ ಪಡಿ, ಒಂದು ಎಂಬಿ ಫೈಲ್ ಐದು ನಿಮಿಷದಲ್ಲಿ ಹೋಗುತ್ತೆ. 20 ಸಾವಿರಕ್ಕಿಂತ ಕೆಳಗೆ ಬಿದ್ರೆ ಮತ್ತೆ ರೋಸೆಟ್‌ಗೆ ಹೋಗಿ. ಕನೆಕ್ಟ್ 115200 ಅಂತ ತೋರಿಸಿದ್ರೆ ಹಿಗ್ಗಬೇಡಿ, ಅದು ಕಂಪ್ಯೂಟರ್‌ಗೂ ಮೋಡೆಮ್‌ಗೂ ಮಧ್ಯದ ಸ್ಪೀಡು, ಎಟಿ ಡಬ್ಲ್ಯು2 ಕೊಟ್ರೆ ಬಹಳ ಮೋಡೆಮ್‌ಗಳು ಲೈನ್‌ನ ನಿಜ ಸ್ಪೀಡ್ ಹೇಳುತ್ವೆ.

ಕನೆಕ್ಟ್ ಆಯ್ತು, ಕ್ಯಾರಿಯರ್ ಇದೆ ಅನ್ನೋ ಸಿಡಿ ದೀಪ ಗಟ್ಟಿಯಾಗಿ ಉರೀತಿದೆ, ಆದ್ರೂ ಲಾಗಿನ್ ಆಗ್ತಿಲ್ಲ. ಈಗ ಲೈನ್ ಬಿಡಿ, ಕಂಪ್ಯೂಟರ್ ನೋಡೋ ಹೊತ್ತು. ಎರರ್ 691 ಬಂದ್ರೆ ಹೆಸರೋ ಪಾಸ್‌ವರ್ಡೋ ತಪ್ಪು, ಕ್ಯಾಪ್ಸ್ ಲಾಕ್ ನೋಡಿ. 633 ಬಂದ್ರೆ ಬೇರೆ ಯಾವುದೋ ಪ್ರೋಗ್ರಾಂ ಪೋರ್ಟ್ ಹಿಡ್ಕೊಂಡಿದೆ, ಸಾಮಾನ್ಯವಾಗಿ ಫ್ಯಾಕ್ಸ್ ಸಾಫ್ಟ್‌ವೇರ್. ಎರಡೂ ಕಡೆ ಹೈಪರ್‌ಟರ್ಮಿನಲ್ ತೆಗೆದು ಬರೀ ಅಕ್ಷರ ಟೈಪ್ ಮಾಡಿ ನೋಡೋದು ಒಳ್ಳೆ ಪರೀಕ್ಷೆ, ಒತ್ತಿದ್ದು ಆ ಕಡೆ ಹಾಗೇ ಬಂದ್ರೆ ಮೋಡೆಮ್, ಲೈನ್, ಪೋರ್ಟ್ ಎಲ್ಲಾ ಸರಿ. ಅಲೆಯಂಥ ಗುರುತು, ಮೀಸೆ ಬ್ರಾಕೆಟ್ಟು, ಆಶ್ಚರ್ಯಸೂಚಕ ಒಂದೇ ಥರ ಸಾಲುಸಾಲಾಗಿ ಬರ್ತಿದ್ರೆ ಅದು ಕಸ ಅಲ್ಲ, ಆ ಕಡೆ ಪಿಪಿಪಿ ಆಗ್ಲೇ ಶುರು ಮಾಡಿ ನಿಮ್ಮ ಉತ್ತರಕ್ಕೆ ಕಾಯ್ತಿದೆ. ಗುರುತೇ ಸಿಗದ ಹಾಗೆ ಬೇರೆಬೇರೆ ಬಂದ್ರೆ ಅದು ಕಸ. ಚಿಕ್ಕದು ಹೋಗುತ್ತೆ, ದೊಡ್ಡ ಫೈಲ್ ಮಧ್ಯ ಅಕ್ಷರ ನುಂಗುತ್ತೆ ಅಂದ್ರೆ ಫ್ಲೋ ಕಂಟ್ರೋಲ್ ಹಾರ್ಡ್‌ವೇರ್‌ಗೆ ಇಡಿ, ಸೀರಿಯಲ್ ಪೋರ್ಟ್‌ನ ಚಿಪ್ 16550 ಇದ್ಯಾ ನೋಡಿ, ಅದಕ್ಕಿಂತ ಹಳೇದಾದ್ರೆ 115200 ತಡ್ಕೊಳಲ್ಲ, 19200ಕ್ಕೆ ಇಳಿಸಿ. ಒಳಗೆ ಕೂರೋ ಪಿಸಿಐ ಮೋಡೆಮ್‌ಗಳಲ್ಲಿ ಬಹಳಷ್ಟು ಸಾಫ್ಟ್‌ಮೋಡೆಮ್, ಅರ್ಧ ಕೆಲಸ ಪ್ರೊಸೆಸರ್ ಮೇಲೆ ಹಾಕುತ್ವೆ, ಹಳೆ ಮೆಷಿನ್‌ನಲ್ಲಿ ಇನ್ನೇನಾದ್ರೂ ಭಾರದ ಪ್ರೋಗ್ರಾಂ ತೆಗೆದ ತಕ್ಷಣ ಲೈನ್ ಕಟ್. ನನ್ನ ಕೇಳಿದ್ರೆ ಸೀರಿಯಲ್ ಪೋರ್ಟ್‌ಗೆ ಹಾಕೋ ಹೊರಗಿನ ಮೋಡೆಮ್‌ನೇ ಹುಡುಕಿ ತಗೊಳಿ, ದೀಪಗಳು ಕಣ್ಣಿಗೆ ಕಾಣ್ತವೆ, ಲಿನಕ್ಸ್‌ನಲ್ಲೂ ಡ್ರೈವರ್ ತಲೆನೋವಿಲ್ಲ.

ನಡೀತಾ ನಡೀತಾ ಮಧ್ಯದಲ್ಲಿ ಕಟ್ ಆಗೋದಕ್ಕೆ ಕಾರಣ ಟೈಮ್ ನೋಡಿ ಹಿಡೀಬೇಕು. ಯಾವಾಗ್ಲೋ ಒಂದ್ಸಲ ಅಂದ್ರೆ ಕಾಲ್ ವೇಟಿಂಗ್‌ನ ಬೀಪ್ ಇರಬಹುದು, ಅಥವಾ ಒಳಗಿನ ರೂಮ್‌ನಲ್ಲಿ ಅಮ್ಮ ಎಕ್ಸ್‌ಟೆನ್ಷನ್ ಎತ್ತಿರಬಹುದು. ಕಾಲ್ ವೇಟಿಂಗ್ ತೆಗೆಸಿ, ಎಟಿ ಎಸ್10=50 ಕೊಡಿ, ಕ್ಯಾರಿಯರ್ ಐದು ಸೆಕೆಂಡ್ ಕಾಣೆಯಾದ್ರೂ ಮೋಡೆಮ್ ಫೋನ್ ಇಡಲ್ಲ. ದಿನಾ ಒಂದೇ ಹೊತ್ತಿಗೆ ಕಟ್ ಆಗ್ತಿದ್ರೆ ಕರೆಂಟ್ ಕಡೆ ನೋಡಿ. ಆ ಗುತ್ತಲು ಸ್ನೇಹಿತನ ಮನೆ ಲೈನ್ ಬೆಳಗ್ಗೆ ಚೆನ್ನಾಗಿದ್ದು ತ್ರೀ-ಫೇಸ್ ಬಂದ ತಕ್ಷಣ ಸಾಯ್ತಿತ್ತು, ಕಬ್ಬಿನ ಗದ್ದೆ ಪಂಪ್‌ಸೆಟ್ ಸ್ಟಾರ್ಟರ್ ಇರೋ ಗೋಡೆಗೇ ಫೋನ್ ವೈರ್ ಮೊಳೆ ಹೊಡೆದು ಎಳೆದಿದ್ರು, ಕರೆಂಟ್ ವೈರ್‌ಗೆ ಜೋಡಿಯಾಗಿ ಉದ್ದಕ್ಕೂ. ವೈರ್‌ನ ಆ ಕಡೆ ಗೋಡೆಗೆ ತಿರುಗಿಸಿದ ಮೇಲೆ ಕಟ್ ಆಗೋದು ನಿಂತೋಯ್ತು. ಮನೇಲಿ ಮಿಕ್ಸಿ, ಚೋಕ್ ಹಾಳಾದ ಟ್ಯೂಬ್‌ಲೈಟ್, ಅಗ್ಗದ ಯುಪಿಎಸ್ ಇವೂ ಇದೇ ಕೆಲಸ ಮಾಡುತ್ವೆ.

ನಮ್ಮಲ್ಲಿ ಏಪ್ರಿಲ್, ಮೇ ಸಂಜೆ ಗುಡುಗು ಮಳೆಗೆ ಹೋದಷ್ಟು ಮೋಡೆಮ್ ಬೇರೆ ಯಾವುದಕ್ಕೂ ಹೋಗಿಲ್ಲ. ಮೋಡ ಕವೀತಿದ್ದ ಹಾಗೇ ಫೋನ್ ವೈರ್ ಕಿತ್ತುಬಿಡಿ, ಬರೀ ಕರೆಂಟ್ ಪ್ಲಗ್ ಕಿತ್ರೆ ಸಾಲಲ್ಲ, ಮಿಂಚು ಬರೋದು ಫೋನ್ ಲೈನ್‌ನಲ್ಲೇ. ಹೊಡೆದ ಮೋಡೆಮ್‌ನ ಗುರುತು ಏನಂದ್ರೆ ಎಟಿ ಅಂದ್ರೆ ಓಕೆ ಅಂತ ಚೆನ್ನಾಗೇ ಉತ್ತರ ಕೊಡುತ್ತೆ, ಲೈನ್ ಕಡೆ ಮಾತ್ರ ಕಿವುಡು, ಸ್ಪೀಕರ್‌ನಲ್ಲಿ ಟೋನೇ ಬರಲ್ಲ. ಅಂಥದ್ದನ್ನ ಸೆಟ್ಟಿಂಗ್‌ನಲ್ಲಿ ಬದುಕಿಸೋಕಾಗಲ್ಲ.

ಕೊನೇದು, ತಾಮ್ರದ ಲೈನ್ ತೆಗೆದು ಫೈಬರ್ ಹಾಕಿಸ್ಕೊಂಡೋರಿಗೆ. ಅದೇ ನಂಬರ್, ಅದೇ ಫೋನ್, ಆದ್ರೆ ಫೈಬರ್ ಬಂದು ಸೇರೋ ಡಬ್ಬದ ಹಿಂದಿನ ಫೋನ್ ತೂತಿಂದ ಹೋಗೋದು ಪ್ಯಾಕೆಟ್‌ಗಳು, ಅಂದ್ರೆ ಧ್ವನಿನ ತುಂಡುತುಂಡು ಮಾಡಿದ ಡೇಟಾ. ಮಾತು ಚೊಕ್ಕವಾಗಿ ಕೇಳಿಸುತ್ತೆ, ಮೋಡೆಮ್ ಮಾತ್ರ ಅರ್ಧ ನಿಮಿಷಕ್ಕೇ ಉದುರಿಹೋಗುತ್ತೆ. ಧ್ವನಿನ ಡಿಜಿಟಲ್ ಮಾಡೋ ವಿಧಾನಕ್ಕೆ ಕೋಡೆಕ್ ಅಂತಾರೆ, ಅದು ಜಿ.711 ಇದ್ರೆ ಆಸೆ ಇದೆ, ಧ್ವನಿನ ಹಿಂಡಿ ಚಿಕ್ಕದು ಮಾಡೋ ಜಿ.729 ಇದ್ರೆ ಮೋಡೆಮ್ ಸದ್ದು ದಾಟಲ್ಲ. ಡಬ್ಬದ ಸೆಟ್ಟಿಂಗ್ ಪೇಜ್‌ಗೆ ಹೋಗೋಕೆ ಆಗೋದಾದ್ರೆ ಕೋಡೆಕ್ ಜಿ.711 ಎ-ಲಾ ಒಂದೇ ಇಡಿ, ಎಕೋ ಕ್ಯಾನ್ಸಲ್ ಮತ್ತೆ ಸೈಲೆನ್ಸ್ ಸಪ್ರೆಷನ್ ಎರಡೂ ಬಂದ್ ಮಾಡಿ, ಜಿಟರ್ ಬಫರ್ ಫಿಕ್ಸೆಡ್ ಮಾಡಿ. ಆಮೇಲೆ ಎರಡೂ ಕಡೆ 2400ಕ್ಕೆ ಕಟ್ಟಿಹಾಕಿ ಮೊದಲ ಕಾಲ್ ಮಾಡಿ, ನಿಧಾನ ಅಂತ ಬೇಜಾರಾಗ್ಬೇಡಿ, ಅರ್ಧ ಗಂಟೆ ಕಟ್ ಆಗದೆ ನಿಂತ್ರೆ 9600ಕ್ಕೆ, ಆಮೇಲೆ 14400ಕ್ಕೆ ಏರಿಸಿ, ಯಾವುದರಲ್ಲಿ ಎಡವೋಕೆ ಶುರುವಾಯ್ತೋ ಅದರ ಕೆಳಗಿನ ಸ್ಪೀಡ್‌ಗೆ ಲಾಕ್ ಮಾಡಿ ಎಟಿ&ಡಬ್ಲ್ಯು ಕೊಟ್ಟು ಸೇವ್ ಮಾಡಿಟ್ಕೊಳಿ.